ಒರೆಯಲ್ಲಿ ಕತ್ತಿ ನಿಲ್ಲಬೇಕಾದರೆ: ಒಂದು ಚರ್ಮದ ಪಟ್ಟಿಯ ಕತೆ

'ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು' ಎಂಬ ಗಾದೆಯನ್ನು ಸಂಘ-ಸಂಸ್ಥೆಗಳ ವಾರ್ಷಿಕ ಮಹಾಸಭೆಗಳಲ್ಲಿ ಕೇಳದವರು ವಿರಳ. ಅಧ್ಯಕ್ಷ ಸ್ಥಾನಕ್ಕೆ ಇಬ್ಬರು ನಿಂತರೆಂದರೆ ಹಿರಿಯರೊಬ್ಬರು ಎದ್ದು ಇದನ್ನು ಹೇಳಿಯೇ ಹೇಳುತ್ತಾರೆ. ಆದರೆ ಇರುವ ಒಂದು ಕತ್ತಿಯಾದರೂ ತನ್ನ ಒರೆಯಲ್ಲಿ ಭದ್ರವಾಗಿ ನಿಂತಿದೆಯೇ ಎಂದು ಕೇಳುವವರು ಕಡಿಮೆ. ಕೇಳಬೇಕಾದ ಪ್ರಶ್ನೆ ಮಾತ್ರ ಅದೇ.

ಮದುವೆ-ಮುಂಜಿಗಳ ಋತು ಬಂತೆಂದರೆ ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ಅಡುಗೆಯವರ ತಂಡಗಳು ಓಡಾಡುತ್ತವೆ. ಮಾಟುಂಗದಲ್ಲಿ ಬೆಳಗ್ಗಿನ ಮುಹೂರ್ತ ಮುಗಿಸಿ ಸಂಜೆಯ ಆರತಕ್ಷತೆಗೆ ಮೀರಾರೋಡ್ ತಲುಪಬೇಕು. ಪಾತ್ರೆ-ಪಗಡಿ ಟೆಂಪೊದಲ್ಲಿ ಹೋದರೂ ತನ್ನ ಚೂರಿಯನ್ನು ಅಡುಗೆಯವರು ಪರರ ಕೈಗೆ ಕೊಡುವುದಿಲ್ಲ, ಅದು ಅವರ ಚೀಲದಲ್ಲೇ ಇರಬೇಕು. ಹಳೆಯ ಪತ್ರಿಕೆಯ ಎರಡು ಹಾಳೆ ಸುತ್ತಿ, ಮೇಲೊಂದು ಸುತಲಿ ದಾರ ಬಿಗಿದರೆ ಆಯಿತು, ಅದೇ ಒರೆ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಕಾಗದ ಸವೆಯುತ್ತದೆ, ಮೊನೆ ಹೊರಗೆ ಇಣುಕುತ್ತದೆ. ಕರವಸ್ತ್ರಕ್ಕೋ ಪಾಸಿಗೋ ಎಂದು ಚೀಲಕ್ಕೆ ಕೈ ಹಾಕಿದವರಿಗೆ ಅದು ಕಾಣಿಸುವುದಿಲ್ಲ. ಚರ್ಮವಷ್ಟೇ ಕೊಯ್ದರೆ ಅರಿಸಿನಪುಡಿಯಲ್ಲಿ ಮುಗಿಯಿತು. ಬೆರಳು ಮಡಚುವ ಸ್ನಾಯುರಜ್ಜು ಕಡಿದರೆ ಶಸ್ತ್ರಚಿಕಿತ್ಸೆ, ಅನಂತರ ವಾರಗಟ್ಟಲೆ ಪಟ್ಟಿ, ಮತ್ತೆ ವ್ಯಾಯಾಮ. ದಿನಗೂಲಿಯ ಲೆಕ್ಕದಲ್ಲಿ ದುಡಿಯುವ ಬಾಣಸಿಗನಿಗೆ ಒಂದು ಇಡೀ ಸೀಸನ್ ಕೈತಪ್ಪಿದಂತೆ.

ಅಡುಗೆಯವರ ಮಾತು ಹಾಗಿರಲಿ, ರವಿವಾರ ಬಂದರೆ ಸಹ್ಯಾದ್ರಿಯ ಕೋಟೆಗಳನ್ನು ಹತ್ತಲು ಹೊರಡುವ ಮುಂಬಯಿ, ಪುಣೆಯ ಯುವಕ-ಯುವತಿಯರಿಗೂ ಸೊಂಟದ ಬೆಲ್ಟಿಗೆ ಒಂದು ಸಣ್ಣ ಚೂರಿ ಇದ್ದರೆ ಚೆಂದ ಎನಿಸುತ್ತದೆ. ಹಣ್ಣು ಹೆಚ್ಚಲು, ಹಗ್ಗ ಕೊಯ್ಯಲು ಅದು ಬೇಕು. ಬಂಡೆಯ ಮೇಲೆ ಬಗ್ಗಿದಾಗ ಅದು ಒರೆಯಿಂದ ಜಾರಿ ಬಿದ್ದರೆ ಚೂರಿ ಹೋಯಿತು ಎಂಬ ದುಃಖ ಸಣ್ಣದು. ಕೆಳಗೆ ಹತ್ತಿ ಬರುತ್ತಿರುವ ಗೆಳೆಯನ ಮೇಲೆ ಬಿದ್ದರೆ?

ಇದಕ್ಕೆಲ್ಲ ಉತ್ತರ ಕೈಯಲ್ಲಿ ಹೊಲಿದ ಒಂದು ಚರ್ಮದ ಒರೆ, ಮತ್ತು ಅದರ ಬಾಯಲ್ಲಿ ಚೂರಿಯ ಹಿಡಿಯನ್ನು ಹಿಡಿದಿಡುವ, ಮುಕ್ಕಾಲು ಇಂಚು ಅಗಲದ ಒಂದು ಪಟ್ಟಿ. ನೋಡಲು ಚಿಲ್ಲರೆ ವಸ್ತು. ಆದರೆ ಒರೆ ಹೊಲಿಯುವವರಲ್ಲಿ ಹೆಚ್ಚಿನವರು ಎಡವುವುದು ಈ ಚಿಲ್ಲರೆಯಲ್ಲಿಯೇ.

ಕೈ ಕಳೆದುಕೊಂಡವನ ಬೆಲ್ಟು

ಪಟ್ಟಿಯ ಮಹತ್ವವನ್ನು ಮೈಮೇಲೆ ಅನುಭವಿಸಿ ತಿಳಿದವನೊಬ್ಬನ ಕತೆ ನಮ್ಮ ದೇಶದ ನೆಲದಲ್ಲೇ ನಡೆದದ್ದು. 1858ರ ಆಗಸ್ಟ್ 31ರಂದು, ಇಂದಿನ ಉತ್ತರ ಪ್ರದೇಶದ ಪಿಲಿಭಿತ್ ಕಡೆಯ ಸೀರ್‌ಪೋರಾ ಎಂಬಲ್ಲಿ ನಡೆದ ಕಾಳಗದಲ್ಲಿ ಪಂಜಾಬ್ ಅಶ್ವದಳದ ಬ್ರಿಟಿಷ್ ಅಧಿಕಾರಿ ಸ್ಯಾಮ್ಯುಯಲ್ ಬ್ರೌನ್ ಎದುರಾಳಿಗಳ ತೋಪಿನತ್ತ ಕುದುರೆ ನುಗ್ಗಿಸಿದ. ಕತ್ತಿಯ ಒಂದು ಏಟು ಮೊಣಕಾಲಿಗೆ ಬಿತ್ತು. ಇನ್ನೊಂದು ಏಟಿಗೆ ಎಡಗೈ ಭುಜದ ಬುಡದಲ್ಲೇ ಕಡಿದುಹೋಯಿತು. ಜೀವ ಉಳಿಯಿತು, ವಿಕ್ಟೋರಿಯಾ ಕ್ರಾಸ್ ಪದಕವೂ ಬಂತು. ಆದರೆ ಸೇನೆಯಲ್ಲಿ ಮುಂದುವರಿದ ಅವನಿಗೆ ಹೊಸದೊಂದು ತೊಡಕು ಕಾದಿತ್ತು.

ಸೊಂಟದಿಂದ ತೂಗುವ ಒರೆಯಿಂದ ಬಲಗೈಯಲ್ಲಿ ಖಡ್ಗ ಎಳೆಯಬೇಕಾದರೆ ಎಡಗೈ ಒರೆಯನ್ನು ಗಟ್ಟಿಯಾಗಿ ಹಿಡಿದಿರಬೇಕು. ಇಲ್ಲವಾದರೆ ಕತ್ತಿಯ ಜೊತೆಗೆ ಒರೆಯೂ ಎದ್ದು ಬರುತ್ತದೆ. ಇಲ್ಲದ ಎಡಗೈಯ ಕೆಲಸವನ್ನು ಚರ್ಮಕ್ಕೆ ವಹಿಸಿದ ಬ್ರೌನ್. ಅಗಲವಾದ ಸೊಂಟಪಟ್ಟಿಗೆ ಒರೆಯನ್ನು ಅಲುಗದಂತೆ ಬಿಗಿದು, ಅದರ ಭಾರ ಹೊರಲು ಬಲ ಭುಜದ ಮೇಲಿನಿಂದ ಓರೆಯಾಗಿ ಇನ್ನೊಂದು ಪಟ್ಟಿ ತಂದ. ಅದೇ 'ಸ್ಯಾಮ್ ಬ್ರೌನ್ ಬೆಲ್ಟ್' ಎಂದು ಲೋಕಪ್ರಸಿದ್ಧವಾಯಿತು. ಪರೇಡುಗಳಲ್ಲಿ ಪೊಲೀಸ್ ಅಧಿಕಾರಿಗಳ ಎದೆಯ ಮೇಲೆ ಅಡ್ಡಲಾಗಿ ಮಿನುಗುವ ಪಟ್ಟಿಯನ್ನು ಕಂಡವರಿಗೆ ಅದು ಬರೀ ಅಲಂಕಾರವೆಂದು ತೋರಬಹುದು. ಅದರ ಮೂಲದಲ್ಲಿ ಒಂದು ಕಡಿದ ಕೈ ಇದೆ.

ಇಂದಿಗೂ ಚರ್ಮದ ಕೆಲಸದವರು ದುಂಡು ತಲೆಯ, ಸಣ್ಣ ಕತ್ತಿನ ಹಿತ್ತಾಳೆ ಗುಬುಟಿಗೆ 'ಸ್ಯಾಮ್ ಬ್ರೌನ್ ಬಟನ್' ಎಂದೇ ಹೇಳುತ್ತಾರೆ. ಪಟ್ಟಿಯಲ್ಲಿ ಒಂದು ತೂತು, ತೂತಿಗೆ ಹೊಂದಿ ಒಂದು ಸಣ್ಣ ಸೀಳು, ಅಷ್ಟೇ. ಸ್ಪ್ರಿಂಗ್ ಇಲ್ಲ, ಕೆಡುವುದಿಲ್ಲ. ತೆರೆಯಲು ತುಸು ತಡವಾಗುತ್ತದೆ ಎಂಬುದೊಂದೇ ಆಕ್ಷೇಪ.

ಮೊದಲು ಒರೆ, ಆಮೇಲೆ ಪಟ್ಟಿ

ಪಟ್ಟಿ ಹಾಕಿದೆವಲ್ಲ, ಒರೆ ಸಡಿಲವಿದ್ದರೂ ನಡೆದೀತು ಎಂಬುದು ದೊಡ್ಡ ತಪ್ಪು ಕಲ್ಪನೆ. ಬ್ಯಾಂಕಿನ ಲಾಕರಿಗೆ ಎರಡು ಕೀಲಿಗಳಿರುವುದು ಎಲ್ಲರಿಗೂ ಗೊತ್ತು. ಗ್ರಾಹಕರದೊಂದು, ಬ್ಯಾಂಕಿನದೊಂದು. ಒಂದು ಇದೆಯೆಂದು ಇನ್ನೊಂದನ್ನು ಯಾರೂ ಕೈಬಿಡುವುದಿಲ್ಲ. ಒರೆಯಲ್ಲೂ ಹಾಗೆಯೇ. ಮೊದಲ ಕೀಲಿ ಒರೆಯ ಹಿಡಿತ. ಒದ್ದೆ ಮಾಡಿದ ಚರ್ಮವನ್ನು ಚೂರಿಯ ಆಕಾರಕ್ಕೆ ಬೆರಳಿನಿಂದ ಒತ್ತಿ ಕೂರಿಸಿ, ನೆರಳಿನಲ್ಲಿ ಒಣಗಿಸಿದರೆ ಆ ರೂಪ ಹಾಗೆಯೇ ನಿಲ್ಲುತ್ತದೆ. ಈ ಹೊತ್ತಿನಲ್ಲಿ ಅಲಗಿಗೆ ತೆಳುವಾದ ಪ್ಲಾಸ್ಟಿಕ್ ಸುತ್ತುವುದನ್ನು ಮರೆಯಬಾರದು, ಇಲ್ಲದಿದ್ದರೆ ತೇವಕ್ಕೆ ತುಕ್ಕು ಹಿಡಿಯುತ್ತದೆ. ಒಣಗಿದ ಮೇಲೆ, ಪಟ್ಟಿ ಇಲ್ಲದೆ, ಒರೆಯನ್ನು ತಲೆಕೆಳಗು ಹಿಡಿದರೆ ಚೂರಿ ಬೀಳಬಾರದು. ಈ ಪರೀಕ್ಷೆಯನ್ನು ನೆಲದಿಂದ ಗೇಣುದ್ದ ಮೇಲೆ, ಕೆಳಗೆ ದಪ್ಪ ರಟ್ಟು ಇಟ್ಟು, ಬರಿಗಾಲನ್ನು ದೂರವಿಟ್ಟು ಮಾಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

'ಒರೆ' ಎಂಬ ಪದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಇದೆಯಷ್ಟೆ, ಚಿನ್ನವನ್ನು ಉಜ್ಜಿ ನೋಡುವ ಒರೆಗಲ್ಲು. ಕತ್ತಿಯ ಒರೆಯನ್ನೂ ಒರೆಗೆ ಹಚ್ಚಿಯೇ ಒಪ್ಪಿಕೊಳ್ಳಬೇಕು ಎಂದು ತಮಾಷೆಗೆ ಹೇಳಬಹುದು.

ಎರಡನೆಯ ಕೀಲಿಯೇ ಪಟ್ಟಿ. ಅದು ಎಲ್ಲಿ ಹಾಯಬೇಕು? ಉತ್ತರ ಹಿಡಿಯ ಆಕಾರದಲ್ಲಿದೆ. ಅಲಗು ಮತ್ತು ಹಿಡಿಯ ನಡುವೆ ಅಡ್ಡತಡೆ, ಅಂದರೆ ಗಾರ್ಡ್ ಇರುವ ಚೂರಿಯಾದರೆ ಅದರ ಬೆನ್ನಿಗೇ ಪಟ್ಟಿ ಹಾಯ್ದರಾಯಿತು. ಚೂರಿ ಮೇಲೇಳಲು ಹೊರಟರೆ ತಡೆ ಪಟ್ಟಿಗೆ ತಾಗಿ ನಿಲ್ಲುತ್ತದೆ. ತಡೆಯಿಲ್ಲದ, ಆದರೆ ನಡುವೆ ಉಬ್ಬಿ ಕತ್ತಿನಲ್ಲಿ ಸಣ್ಣಗಾಗುವ ಹಿಡಿಯಾದರೆ ಆ ಸಣ್ಣ ಕತ್ತಿನಲ್ಲಿ ಪಟ್ಟಿಯ ಜಾಗ. ಆದರೆ ಆ ಉಬ್ಬು ಪಟ್ಟಿಗಿಂತ ಮೇಲಿರುವುದರಿಂದ ಅದು ಚೂರಿಯನ್ನು ತಡೆಯದು, ಇಲ್ಲಿ ಕೆಲಸ ಮಾಡುವುದು ಪಟ್ಟಿಯ ಬಿಗಿತವೇ. ಇನ್ನು ಕೋಲಿನಂತೆ ನೇರವಾದ ಹಿಡಿಗೆ ಸುತ್ತುಪಟ್ಟಿ ಹಾಕುವುದು ಮನಸ್ಸಮಾಧಾನಕ್ಕೆ ಮಾತ್ರ. ಅಂಥದ್ದಕ್ಕೆ ಹಿಡಿಯ ತಲೆಯ ಮೇಲಿಂದ ಹಾಯ್ದು ಒರೆಯ ಮುಂಭಾಗಕ್ಕೆ ಬಂದು ಕೂಡುವ ಉದ್ದ ಪಟ್ಟಿಯೇ ಸರಿ.

ಅಡುಗೆಯ ದೊಡ್ಡ ಚೂರಿಯದು ಬೇರೆಯೇ ಪ್ರಕರಣ. ಅದಕ್ಕೆ ಗಾರ್ಡ್ ಇರುವುದಿಲ್ಲ. ಆದರೆ ಅಲಗಿನ ಹಿಮ್ಮಡಿ ಹಿಡಿಗಿಂತ ಕೆಳಗೆ ಚಾಚಿಕೊಂಡಿರುತ್ತದೆ. ಆ ಹಿಮ್ಮಡಿಯ ಹಿಂದೆ ಪಟ್ಟಿ ಹಾಯಿಸಿದರೆ ಅದೇ ಗಾರ್ಡಿನ ಕೆಲಸ ಮಾಡುತ್ತದಲ್ಲ ಎನಿಸುತ್ತದೆ. ಮಾಡುತ್ತದೆ ನಿಜ, ಆದರೆ ಹಿಮ್ಮಡಿಯ ಮೂಲೆಯೂ ಹರಿತ. ರೈಲಿನ ಕುಲುಕಾಟದಲ್ಲಿ ಅದು ಪಟ್ಟಿಯನ್ನು ಒಳಗಿನಿಂದ ಸ್ವಲ್ಪಸ್ವಲ್ಪವೇ ಕೊರೆಯುತ್ತದೆ, ಹೊರಗಿನಿಂದ ನೋಡಿದವರಿಗೆ ಪಟ್ಟಿ ನೆಟ್ಟಗೇ ಇದೆ. ಆದ್ದರಿಂದ ಹಿಮ್ಮಡಿ ಒರೆಯ ಬಾಯಿಯೊಳಗೆ ಅರ್ಧ ಇಂಚಿನಷ್ಟು ಇಳಿಯುವಂತೆ ಒರೆಯನ್ನು ಎತ್ತರವಾಗಿ ಕತ್ತರಿಸಿ, ಪಟ್ಟಿ ತಾಗುವಲ್ಲಿ ಒಳಗೊಂದು ಎರಡನೆಯ ಪದರ ಹೊಲಿಯುವುದು ಕ್ಷೇಮ.

ತೆರೆದ ಪಟ್ಟಿ ಎತ್ತ ಬೀಳುತ್ತದೆ?

ಹೆಚ್ಚಿನವರು ಯೋಚಿಸದೆ ಬಿಡುವುದು ಇಲ್ಲಿ. ಪಟ್ಟಿ ಮುಚ್ಚಿದಾಗ ಹೇಗಿದೆ ಎಂದು ನೋಡುತ್ತಾರೆ, ತೆರೆದಾಗ ಅದು ಎಲ್ಲಿ ಜೋಲುತ್ತದೆ ಎಂದು ನೋಡುವುದಿಲ್ಲ. ಬಾಯಿಯ ಕಡೆ, ಅಂದರೆ ಹರಿತವಾದ ಅಂಚಿನ ಕಡೆ ಜೋತುಬಿದ್ದ ಪಟ್ಟಿಯನ್ನು ಚೂರಿ ಹೊರಬರುವಾಗ ಸವರಿಕೊಂಡೇ ಬರುತ್ತದೆ. ದಿನಕ್ಕೆ ಒಂದು ಗೀರು. ಒಂದು ದಿನ ಪಟ್ಟಿ ಕೈಯಲ್ಲೇ ಬರುತ್ತದೆ.

ಆದುದರಿಂದ ಪಟ್ಟಿಯ ಬುಡವನ್ನು ಒರೆಯ ಹಿಂಬದಿಯಲ್ಲಿ, ಬೆಲ್ಟು ತೂರುವ ಕುಣಿಕೆಯ ಜೊತೆಗೆ ಹೊಲಿದು, ಉದ್ದನೆಯ ತೋಳು ಅಲಗಿನ ಬೆನ್ನಿನ ಕಡೆಯಿಂದ ಸುತ್ತಿ ಮುಂದಕ್ಕೆ ಬರುವಂತೆ ಮಾಡಬೇಕು. ಬಿಚ್ಚಿದಾಗ ಅದು ಬೆನ್ನಿನ ಕಡೆಗೇ ಬೀಳುತ್ತದೆ, ಬಾಯಿಯ ಕಡೆ ಬೀಳಲು ಏನೂ ಇರುವುದಿಲ್ಲ. ಬಟನ್ನಿನ ಗಂಡುಭಾಗವನ್ನು ಒರೆಯ ಮೈಗೇ ಕೂರಿಸಿದರೆ ಅದರ ಹಿಂಬದಿಯ ರಿವೆಟ್ ಒಳಗೆ ಹಿಡಿಯನ್ನು ಉಜ್ಜುತ್ತದೆ. ಅದರ ಮೇಲೊಂದು ತೆಳು ಚರ್ಮದ ಬಿಲ್ಲೆ ಅಂಟಿಸಿ ಹೊಲಿದರೆ ಹಿಡಿಯ ಪಾಲಿಶ್ ಉಳಿಯುತ್ತದೆ.

ಇನ್ನೊಂದು ಸಂಗತಿ ಹೆಬ್ಬೆರಳಿನದು. ಬಲಸೊಂಟದಲ್ಲಿ ಚೂರಿ ಕಟ್ಟಿದ ಬಲಗೈಯವರು ಹಿಡಿಗೆ ಕೈಯಿಟ್ಟಾಗ ಅವರ ಹೆಬ್ಬೆರಳು ಮೈಯ ಕಡೆಗೆ, ಉಳಿದ ಬೆರಳುಗಳು ಹೊರಕ್ಕೆ ಇರುತ್ತವೆ. ಒಂದೇ ಕೈಯಲ್ಲಿ ಬಿಚ್ಚಬೇಕೆಂದರೆ ಬಟನ್ ಮೈಯ ಕಡೆಗೆ ಇರಬೇಕು, ಬಟನ್ನಿಗಿಂತ ಅರ್ಧ ಇಂಚು ಆಚೆಗೆ ಹೆಬ್ಬೆರಳು ತಳ್ಳಲು ಒಂದು ನಾಲಿಗೆ ಬಿಡಬೇಕು. ಆ ಕಡೆಯ ತೋಳು ಮೆತ್ತಗಿದ್ದರೆ ಹೆಬ್ಬೆರಳು ತಳ್ಳಿದಾಗ ಚರ್ಮ ಬಾಗುತ್ತದೆಯೇ ಹೊರತು ಬಟನ್ ಬಿಚ್ಚುವುದಿಲ್ಲ, ಹಾಗಾಗಿ ಅದಕ್ಕೆ ಎರಡು ಪದರದ ಗಡಸು ಚರ್ಮ ಬೇಕು. ಎಡಚರಿಗೆ ಇದೆಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಒರೆಗಳು ಬಹುತೇಕ ಬಲಗೈಯವರ ಲೆಕ್ಕಕ್ಕೇ ಇರುತ್ತವೆ. ಎಡಚರು ಕೈಯಲ್ಲಿ ಹೊಲಿಸಿಕೊಳ್ಳುವುದಕ್ಕೆ ಇದೊಂದೇ ಕಾರಣ ಸಾಕು.

ಯಾವ ಚರ್ಮ, ಯಾವ ಗುಂಡಿ

ಮೃದುವಾದ, ಬಣ್ಣಬಣ್ಣದ ಪರ್ಸಿನ ಚರ್ಮ ಒರೆಗೆ ಒಗ್ಗುವುದಿಲ್ಲ. ಅದು ಸಾಮಾನ್ಯವಾಗಿ ಕ್ರೋಮ್ ಲವಣಗಳಲ್ಲಿ ಹದಮಾಡಿದ್ದು. ಒದ್ದೆ ಮಾಡಿ ಒತ್ತಿದರೆ ರೂಪ ಹಿಡಿಯದು, ಅದರಲ್ಲುಳಿದ ಲವಣಾಂಶ ತೇವ ಸೇರಿದಾಗ ಉಕ್ಕನ್ನು ಕೆಡಿಸಲೂಬಹುದು. ಬೇಕಾದದ್ದು ತೊಗಟೆ, ಕಾಯಿಗಳ ಒಗರಿನಲ್ಲಿ ಹದಗೊಂಡ ಚರ್ಮ. ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿ ನಮ್ಮವರಿಗೆ ಹೊಸತಲ್ಲ. ಮುಂಬಯಿಯಲ್ಲಿ ಕೊಲ್ಹಾಪುರಿ ಎಂದು ಮಾರಾಟವಾಗುವ ಚಪ್ಪಲಿಗಳಲ್ಲಿ ಅಥಣಿ, ನಿಪ್ಪಾಣಿ ಕಡೆಯ ಸಮಗಾರ ಕುಶಲಕರ್ಮಿಗಳು ಹೊಲಿದವು ಎಷ್ಟಿವೆಯೆಂದು ಕೊಳ್ಳುವವರಿಗೆ ತಿಳಿದಿರುವುದಿಲ್ಲ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾದರಿಯ ಪಾದರಕ್ಷೆಯನ್ನು ಮಿಲಾನಿನ ಪ್ರದರ್ಶನದಲ್ಲಿ ಮೂಲ ಹೇಳದೆ ತೋರಿಸಿ, ಗದ್ದಲವಾದ ಮೇಲೆ ಭಾರತದ ಋಣ ಒಪ್ಪಿಕೊಂಡದ್ದನ್ನು ಓದುಗರು ಮರೆತಿರಲಾರರು. ಮೊಳೆ ಮುಟ್ಟದೆ ಚಪ್ಪಲಿ ಹೊಲಿಯುವ ಆ ಕೈಗಳಿಗೆ ಒಂದು ಒರೆ ದೊಡ್ಡ ಮಾತಲ್ಲ. ಹೇಳಿ ಮಾಡಿಸಿಕೊಳ್ಳುವವರು ಬೇಕು, ತಕ್ಕ ಕೂಲಿ ಕೊಡುವವರು ಬೇಕು. ಚಪ್ಪಲಿಗೆ ಚೌಕಾಸಿ ಮಾಡುವ ನಾಲಿಗೆ ಮಾಲ್‌ಗಳಲ್ಲಿ ಮಾತ್ರ ಸುಮ್ಮನಿರುವುದು ವಿಚಿತ್ರವೇ ಸರಿ.

ಒರೆಯ ಮೈಗೆ ಮೂರರಿಂದ ಮೂರೂವರೆ ಮಿಲಿಮೀಟರ್ ದಪ್ಪ, ಪಟ್ಟಿಗೆ ಎರಡರಿಂದ ಎರಡೂವರೆ ಸಾಕು. ಆದರೆ ಪಟ್ಟಿಯನ್ನು ತೊಗಲಿನ ಯಾವ ಭಾಗದಿಂದ ಕತ್ತರಿಸಿದರೂ ಆದೀತು ಎನ್ನಲಾಗದು. ಹೊಟ್ಟೆಯ ಭಾಗದ ಚರ್ಮ ಹಿಗ್ಗುತ್ತದೆ, ಬೆನ್ನಿನ ಭಾಗದ್ದು ಹಿಗ್ಗುವುದು ಕಡಿಮೆ. ಬೆನ್ನುಮೂಳೆಯ ಗುಂಟ ಉದ್ದಕ್ಕೆ ಕತ್ತರಿಸಿದ ಪಟ್ಟಿಯೇ ಬಾಳಿಕೆಯದು. ಧಾರಾವಿಯ ಅಂಗಡಿಗಳಲ್ಲಿ ಚೂರು ಚರ್ಮ ಅಗ್ಗಕ್ಕೆ ಸಿಗುತ್ತದೆಂದು ತಂದು ಅದರಿಂದಲೇ ಪಟ್ಟಿ ಕತ್ತರಿಸಿದವರು ಕೆಲವೇ ವಾರಗಳಲ್ಲಿ ಪಟ್ಟಿ ಜೋಲುವುದನ್ನು ಕಾಣುತ್ತಾರೆ. ಉಳಿತಾಯ ಅಲ್ಲಿಗೆ ಖರ್ಚಿನ ಖಾತೆಗೆ ಹೋಯಿತು.

ಗುಂಡಿಯ ವಿಷಯಕ್ಕೆ ಬಂದರೆ ಎಲ್ಲರೂ ಬಲ್ಲ ಟಿಚ್ ಬಟನ್ನೇ ಹೆಚ್ಚು ಬಳಕೆಯಲ್ಲಿದೆ. ಜರ್ಮನಿಯ ಹೆರಿಬರ್ಟ್ ಬೌವರ್ 1885ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಪ್ಯಾಂಟುಗಳಿಗಾಗಿ ಎಂದರೆ ಅಚ್ಚರಿಯಾದೀತು. ಬಟ್ಟೆಗೆ ಹಾಕುವ ತೆಳು ಬಟನ್ ಚರ್ಮಕ್ಕೆ ನಿಲ್ಲುವುದಿಲ್ಲ. ಉದ್ದ ಕಾಲಿನ, ದಪ್ಪ ಚರ್ಮಕ್ಕೆಂದೇ ಇರುವ ಬಟನ್ ಕೇಳಿ ತರಬೇಕು. ಕಬ್ಬಿಣದ ಮೇಲೆ ನಿಕಲ್ ಲೇಪಿಸಿದ್ದು ಮುಂಬಯಿ, ಚೆನ್ನೈಗಳ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ, ಹಿತ್ತಾಳೆಯದೇ ಲೇಸು. ಪೊದೆಯ ಮುಳ್ಳಿಗೋ ರೈಲಿನ ನೂಕಾಟಕ್ಕೋ ತಾನಾಗಿ ಬಿಚ್ಚದಿರಲೆಂದು ಒಂದೇ ಬದಿಯಿಂದ ಎತ್ತಿದರೆ ಮಾತ್ರ ತೆರೆಯುವ ಜಾತಿಯೂ ಇದೆ. ವೆಲ್ಕ್ರೊ ಪಟ್ಟಿ ಮಾತ್ರ ಬೇಡ. ಅಡುಗೆಮನೆಯ ಹಿಟ್ಟು, ತೆಂಗಿನ ನಾರು ತುಂಬಿಕೊಂಡ ಮೇಲೆ ಅದು ಹಿಡಿಯುವುದೇ ಇಲ್ಲ.

ಅಳತೆಯ ಗುಟ್ಟು ಇಷ್ಟೇ. ಒರೆ ಪೂರ್ತಿ ಹೊಲಿದು, ಒಣಗಿ, ಚೂರಿ ಒಳಗಿಟ್ಟ ಮೇಲೆಯೇ ಪಟ್ಟಿಯ ಉದ್ದ ಗುರುತಿಸಬೇಕು. ಮೊದಲು ಕಾಗದದ ಪಟ್ಟಿ ಸುತ್ತಿ ನೋಡಿ, ಆಮೇಲೆ ಚರ್ಮ ಕತ್ತರಿಸಿ, ಬಟನ್ನಿನ ತೂತನ್ನು ಕೊಟ್ಟಕೊನೆಗೆ ಕೊರೆಯಬೇಕು. ಹೊಸ ಚರ್ಮ ಹಿಗ್ಗುವುದರಿಂದ ಗುರುತಿಗಿಂತ ಎರಡು ಮಿಲಿಮೀಟರ್ ಬಿಗಿಯಾಗಿಯೇ ತೂತು ಬೀಳಲಿ. ಮೊದಲ ದಿನ ಬಟನ್ ಕೂರಿಸಲು ಹೆಬ್ಬೆರಳು ನೋಯಬೇಕು. ನಕ್ಷೆ ಬರೆದ ದಿನವೇ ತೂತು ಕೊರೆದಿಟ್ಟವರು ಎರಡನೆಯ ಪಟ್ಟಿ ಹೊಲಿದೇ ಹೊಲಿಯುತ್ತಾರೆ. ಒರೆಗಿಂತ ಮೊದಲು ಸವೆಯುವುದು ಪಟ್ಟಿಯೇ ಆದ್ದರಿಂದ ಬುಡವನ್ನು ಹೊಲಿಯುವ ಬದಲು ತಿರುಪಿನ ರಿವೆಟ್ಟಿನಿಂದ ಬಿಗಿಯುವವರೂ ಇದ್ದಾರೆ, ಹಳತನ್ನು ಬಿಚ್ಚಿ ಹೊಸತು ಹಾಕಲು ಐದು ನಿಮಿಷ.

ಒರೆಯ ಹೊಲಿಗೆಯ ಬಗ್ಗೆಯೂ ಒಂದು ಮಾತು. ಎರಡು ಪದರಗಳ ನಡುವೆ, ಬಾಯಿಯ ಕಡೆ, ಇನ್ನೊಂದು ಚರ್ಮದ ಎಳೆ ಸೇರಿಸದಿದ್ದರೆ ಅಲಗು ದಾರವನ್ನೇ ಕೊಯ್ದು ಹಾಕುತ್ತದೆ. ಮೇಣ ತಿಕ್ಕಿದ ಒಂದೇ ದಾರದ ಎರಡು ತುದಿಗಳಿಗೂ ಸೂಜಿ ಪೋಣಿಸಿ, ದಬ್ಬಣ ಚುಚ್ಚಿದ ಒಂದೊಂದು ತೂತಿನಲ್ಲೂ ಎರಡೂ ಕಡೆಯಿಂದ ಹಾಯಿಸುವ ಹೊಲಿಗೆಯಲ್ಲಿ ಒಂದು ಎಳೆ ಹರಿದರೂ ಇನ್ನೊಂದು ಹಿಡಿದಿರುತ್ತದೆ. ಮಶೀನಿನ ಹೊಲಿಗೆಗೆ ಆ ಗುಣವಿಲ್ಲ.

ಪಟ್ಟಿ ಇಲ್ಲದವರ ಉಪಾಯ

ಪಟ್ಟಿಯೇ ಇಲ್ಲದೆ ಶತಮಾನಗಳನ್ನು ಕಳೆದವರೂ ಇದ್ದಾರೆ. ಫಿನ್ಲೆಂಡಿನ ಪೂಕ್ಕೋ ಚೂರಿ ಹಿಡಿಯ ಬಹುಭಾಗದವರೆಗೂ ಒರೆಯೊಳಗೆ ಇಳಿದು ಕೂರುತ್ತದೆ, ಹಿಡಿತವೇ ಅದಕ್ಕೆ ಪಟ್ಟಿ. ಗೂರ್ಖಾಗಳ ಖುಕುರಿಯ ಒರೆ ಮರದ ಎರಡು ಹೋಳುಗಳ ಮೇಲೆ ಚರ್ಮ ಹೊದೆಸಿದ್ದು. ಅದನ್ನು ಎಳೆಯುವಾಗ ಒರೆಯ ಬಾಯಿಯ ಬದಿಗೆ ಬೆರಳು ಸುತ್ತಬಾರದೆಂಬುದು ಮೊದಲ ಪಾಠ. ಜೋಡಣೆ ಬಿಟ್ಟಿದ್ದರೆ ಅಲಗು ನೇರ ಬೆರಳಿಗೇ ಬರುತ್ತದೆ. ನಮ್ಮ ಕೊಡವರ ಪೀಚೆಕತ್ತಿಯನ್ನು ಸೊಂಟದ ಕೆಂಪು ಚೇಲೆಯೇ ಬಿಗಿಹಿಡಿಯುತ್ತದೆ, ಒರೆಯ ಜೊತೆಗೆ ಸರಪಳಿಯೂ ಇರುತ್ತದೆ. ಅಗಲವಾದ ಒಡಿಕತ್ತಿಯಂತೂ ಒರೆಯಿಲ್ಲದೆ, ಬೆನ್ನ ಹಿಂದೆ 'ತೊಡಂಗ್' ಎಂಬ ಲೋಹದ ಕೊಂಡಿಯಲ್ಲಿ ಕೂತಿರುತ್ತದೆ. ನೆಟ್ಟಗೆ ನಿಂತು ನಡೆಯುವವರ ಸೊಂಟಕ್ಕೆ ಅದು ಒಪ್ಪುತ್ತದೆ. ಚರ್ಚ್‌ಗೇಟ್ ಫಾಸ್ಟ್ ಲೋಕಲಿಗೆ ಅಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುವುದು ಒಳ್ಳೆಯದು. ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ ಚೂರಿಗಳನ್ನು ಆಯುಧಗಳ ಪಟ್ಟಿಗೆ ಸೇರಿಸಲಾಗಿದೆ. ಮನೆಬಳಕೆ, ಕೃಷಿ, ಉದ್ಯಮಗಳಿಗೆಂದೇ ಮಾಡಿದವುಗಳಿಗೆ ಅದರಲ್ಲಿ ವಿನಾಯಿತಿ ಇದೆ. ಅಡುಗೆಯ ಚೂರಿ ಒರೆಯಲ್ಲಿ, ಪಟ್ಟಿ ಬಿಗಿದು, ಚೀಲದ ತಳದಲ್ಲಿ, ಇತರ ಅಡುಗೆ ಸಾಮಾನಿನ ಜೊತೆಗಿದ್ದರೆ ತಪಾಸಣೆಯವರಿಗೆ ಉತ್ತರ ಹೇಳುವುದು ಸುಲಭ. ವಿಮಾನದಲ್ಲಿ ಕೈಚೀಲಕ್ಕೆ ಸಲ್ಲದು, ಲಗೇಜಿಗೆ ಹಾಕಬೇಕು. ಅಲ್ಲಿಯೂ ಒರೆ ಬೇಕು, ಚೀಲ ತೆರೆದು ಪರೀಕ್ಷಿಸುವ ಸಿಬ್ಬಂದಿಗೂ ಹತ್ತು ಬೆರಳುಗಳಿವೆ.

ಮಳೆಗಾಲದ ನಾಲ್ಕು ತಿಂಗಳು ಚೂರಿಯನ್ನು ಒರೆಯೊಳಗೇ ಬಿಟ್ಟು ಅಟ್ಟಕ್ಕೆ ಹಾಕಬಾರದು. ಚರ್ಮ ತೇವ ಹೀರುತ್ತದೆ, ಅಲಗಿಗೆ ತುಕ್ಕು, ಒರೆಗೆ ಬೂಷ್ಟು. ಎರಡನ್ನೂ ಬೇರೆ ಬೇರೆ ಇಟ್ಟು, ಚೂರಿಯನ್ನು ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಮಕ್ಕಳ ಕೈಗೆಟುಕದ ಕಪಾಟಿನಲ್ಲಿ ಬೀಗ ಹಾಕಿಡಬೇಕು. ಒರೆಗೆ ಸ್ವಲ್ಪ ಜೇನುಮೇಣ ತಿಕ್ಕಿ, ಪಟ್ಟಿಯ ಬಟನ್ ಬಿಚ್ಚಿ ಗಾಳಿಯಾಡುವಲ್ಲಿ ತೂಗುಹಾಕಬೇಕು. ಆಯುಧಪೂಜೆಗೆ ಚೂರಿ ಹೊರತೆಗೆದಾಗ ಕುಂಕುಮ ಹಚ್ಚುವ ಮೊದಲು ಬಟನ್ನನ್ನು ನಾಲ್ಕು ಸಲ ಒತ್ತಿ ಬಿಚ್ಚಿ ನೋಡಿದರೆ ತಿಳಿಯುತ್ತದೆ. 'ಟಿಚ್' ಎಂಬ ಸದ್ದು ಬಾರದೆ ಸುಮ್ಮನೆ ಕೂತರೆ ಒಳಗಿನ ಸ್ಪ್ರಿಂಗ್ ಸತ್ತಿದೆ ಎಂದರ್ಥ. ಸ್ಟೇಷನ್ನಿನ ಹೊರಗೆ ಕೂರುವ ಚಪ್ಪಲಿ ರಿಪೇರಿಯವರು ಹತ್ತು ನಿಮಿಷದಲ್ಲಿ ಹೊಸತು ಹಾಕಿಕೊಡುತ್ತಾರೆ. ಚೂರಿಯನ್ನು ಮನೆಯಲ್ಲೇ ಬಿಟ್ಟು ಬರೀ ಒರೆಯನ್ನು ಒಯ್ದರೆ ಬಟನ್ನಿನ ಜಾಗ ತಪ್ಪುತ್ತದೆ. ಹಿಡಿಯ ಅಳತೆಗೆ ಕೆತ್ತಿದ ಒಂದು ಮರದ ತುಂಡನ್ನು ಒರೆಯಲ್ಲಿಟ್ಟುಕೊಂಡು ಹೋಗಬೇಕು.